ತರಬೇತಿಗೆ ಹೊರಟಾಗ ಚೀಲದಲ್ಲಿ ಒಂದು ಕಡತ ಇರಲಿ

ಪ್ರಶ್ನೆ: ಬಾಗಲಕೋಟೆ ಜಿಲ್ಲೆ ಬೀಳಗಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯತಿಯಲ್ಲಿ ಅಭಿವೃದ್ಧಿ ಅಧಿಕಾರಿಯಾಗಿ ಸೇರಿ ಹದಿನಾಲ್ಕು ತಿಂಗಳಾಯಿತು. ಇಷ್ಟರಲ್ಲೇ ಐದು ತರಬೇತಿ ಮುಗಿಸಿದ್ದೇನೆ, ಐದು ಪ್ರಮಾಣಪತ್ರಗಳೂ ಇವೆ. ಆದರೂ ಕುರ್ಚಿಯಲ್ಲಿ ಕುಳಿತಾಗ ಕಲಿತದ್ದು ಯಾವುದೂ ನೆರವಿಗೆ ಬರುವುದಿಲ್ಲ. ನಿಜ ಹೇಳಬೇಕೆಂದರೆ ಕಂಪ್ಯೂಟರ್ ಆಪರೇಟರ್ ತೋರಿಸಿದ ಕಡೆ ಸಹಿ ಹಾಕುತ್ತಿದ್ದೇನೆ. ಮುಂದಿನ ತಿಂಗಳು ಮತ್ತೆ ಮೂರು ದಿನದ ತರಬೇತಿಗೆ ಪತ್ರ ಬಂದಿದೆ. ಕಚೇರಿಯಲ್ಲಿ ಕೆಲಸ ರಾಶಿ ಬಿದ್ದಿರುವಾಗ ಹೋಗಬೇಕೇ? ನನಗೆ ನಿಜವಾಗಿ ಬೇಕಾದದ್ದು ಯಾವ ತರಬೇತಿ?

ಉತ್ತರ: ‘ಆಪರೇಟರ್ ತೋರಿಸಿದ ಕಡೆ ಸಹಿ ಹಾಕುತ್ತಿದ್ದೇನೆ’ ಎಂದು ಬರೆದಿದ್ದೀರಲ್ಲ, ಅಲ್ಲಿಂದಲೇ ಆರಂಭಿಸೋಣ. ಬೀಳ್ಕೊಡುಗೆಯ ಹಾರ ಕೊರಳಿಗೆ ಬಿದ್ದ ದಿನವೂ ಈ ಮಾತನ್ನು ಒಪ್ಪಿಕೊಳ್ಳದವರನ್ನು ಬಹಳ ಕಂಡಿದ್ದೇನೆ. ನೀವು ಹದಿನಾಲ್ಕನೆಯ ತಿಂಗಳಿಗೇ ಒಪ್ಪಿಕೊಂಡಿದ್ದೀರಿ. ಇನ್ನು ಕಲಿಸುವುದು ಕಷ್ಟವಲ್ಲ.

ತರಬೇತಿಗೆ ಹೋಗಿ. ಆದರೆ ಬರಿಗೈಯಲ್ಲಿ ಹೋಗಬೇಡಿ. ನಿಮ್ಮ ಕಚೇರಿಯಲ್ಲಿ ಎಲ್ಲಕ್ಕಿಂತ ಹೆಚ್ಚು ತಲೆ ತಿನ್ನುತ್ತಿರುವ ಕಡತ ಯಾವುದೋ, ಅದರ ಜೆರಾಕ್ಸ್ ಪ್ರತಿಯಲ್ಲಿ ಹೆಸರುಗಳನ್ನು ಮಸಿಯಿಂದ ಮುಚ್ಚಿ ಚೀಲದಲ್ಲಿ ಒಯ್ಯಿರಿ. ಇಪ್ಪತ್ತು ವರ್ಷ ತರಬೇತಿ ಕೊಟ್ಟ ಮೇಲೆ ನನಗೆ ತಿಳಿದದ್ದು ಇಷ್ಟೇ: ಕಾಯ್ದೆಯಿಂದ ಕಡತದ ಕಡೆಗೆ ಬರುವ ಪಾಠ ಊಟದ ಹೊತ್ತಿಗೆ ಮರೆತುಹೋಗುತ್ತದೆ, ಕಡತದಿಂದ ಕಾಯ್ದೆಯ ಕಡೆಗೆ ಹೋದದ್ದು ಉಳಿಯುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ವಿಜಯಪುರದಲ್ಲಿ ನಲವತ್ತು ಜನರ ಒಂದು ತಂಡಕ್ಕೆ ಇ-ಸ್ವತ್ತು (ಪಂಚಾಯತಿಯ ಆಸ್ತಿ ದಾಖಲೆಗಳ ತಂತ್ರಾಂಶ) ಬಗ್ಗೆ ಪಾಠ ಮಾಡಬೇಕಿತ್ತು. ಮೊದಲ ದಿನ ನಮೂನೆ 9, 11ಎ, 11ಬಿ ಎಂದು ಪರದೆಯ ಮೇಲೆ ತೋರಿಸಿದೆ. ಮುಂದಿನ ಸಾಲಿನವರು ಬರೆದುಕೊಂಡರು, ಹಿಂದಿನ ಸಾಲಿನವರು ಮೊಬೈಲ್ ನೋಡಿದರು. ಎರಡನೆಯ ದಿನ ಪರದೆ ಮುಚ್ಚಿ ಒಂದು ಹಳೆಯ ಅರ್ಜಿಯ ಪ್ರತಿ ಹಂಚಿದೆ. ಗಂಡನನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳು ಮನೆಯ ಉತಾರ (ಆಸ್ತಿ ದಾಖಲೆಯ ಪ್ರತಿ) ತನ್ನ ಹೆಸರಿಗೆ ಬೇಕೆಂದು ಬರೆಸಿದ ಅರ್ಜಿ ಅದು. ಪಂಚಾಯತಿಯ ರಿಜಿಸ್ಟರಿನಲ್ಲಿ ಆ ಮನೆಯ ವಿಪಿಸಿ ನಂಬರಿನ (ಪಂಚಾಯತಿ ಕೊಡುವ ಆಸ್ತಿ ಸಂಖ್ಯೆಯ) ಎದುರು ಇದ್ದದ್ದು ಗಂಡನ ಹೆಸರಲ್ಲ, ತೀರಿಹೋದ ಮಾವನ ಹೆಸರು. ಚಕ್ಕುಬಂದಿ ಹೀಗಿತ್ತು: ಪೂರ್ವಕ್ಕೆ ಬೇವಿನ ಮರ, ಪಶ್ಚಿಮಕ್ಕೆ ಇಂಥವರ ಮನೆ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಖುಲ್ಲಾ ಜಾಗ. ಆ ಬೇವಿನ ಮರ ರಸ್ತೆ ಅಗಲ ಮಾಡುವಾಗ ಎಂದೋ ಹೋಗಿದೆ. ಖುಲ್ಲಾ ಜಾಗದಲ್ಲಿ ಈಗ ಯಾರದೋ ದನದ ಕೊಟ್ಟಿಗೆ ಇದೆ.

‘ನಾಳೆ ಬೆಳಿಗ್ಗೆ ಇದು ನಿಮ್ಮ ಮೇಜಿನ ಮೇಲಿರುತ್ತದೆ, ಏನು ಮಾಡುತ್ತೀರಿ?’ ಎಂದು ಕೇಳಿದೆ. ಅರ್ಧ ಜನ ‘ಹೆಸರು ಬದಲಿಸಿ ಕೊಡುತ್ತೇವೆ’ ಎಂದರು, ಉಳಿದವರು ‘ಕೋರ್ಟಿಗೆ ಹೋಗಿ ಎನ್ನುತ್ತೇವೆ’ ಎಂದರು. ಎರಡೂ ಕೈ ತೊಳೆದುಕೊಳ್ಳುವ ಉತ್ತರಗಳೇ. ಆಗ ಹಿಂದಿನ ಸಾಲಿನಿಂದ ಒಬ್ಬ ಕಾರ್ಯದರ್ಶಿ ಮೊಬೈಲ್ ಕೆಳಗಿಟ್ಟು ಕೇಳಿದರು: ‘ವಂಶಾವಳಿಯಲ್ಲಿ ಹೆಣ್ಣುಮಕ್ಕಳ ಹೆಸರು ಇದೆಯೇ ಸರ್?’

ಇರಲಿಲ್ಲ. ಮಾವನಿಗೆ ಮೂವರು ಗಂಡುಮಕ್ಕಳು ಎಂದಷ್ಟೇ ಬರೆಸಿದ್ದರು. ಮದುವೆಯಾಗಿ ಹೋದ ಇಬ್ಬರು ಹೆಣ್ಣುಮಕ್ಕಳು ಕಾಗದದಲ್ಲಿ ಹುಟ್ಟಿಯೇ ಇರಲಿಲ್ಲ. ಅಲ್ಲಿಂದ ಎರಡು ತಾಸು ಯಾರೂ ಎದ್ದು ಹೋಗಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗಳಿಗೂ, ತಂದೆಗಿಂತ ಮೊದಲೇ ತೀರಿಕೊಂಡ ಮಗನ ಹೆಂಡತಿ ಮಕ್ಕಳಿಗೂ ಯಾವ ಸ್ಥಾನ, 2005ರ ತಿದ್ದುಪಡಿ ಪಿತ್ರಾರ್ಜಿತದ ವಿಷಯದಲ್ಲಿ ಏನು ಬದಲಿಸಿತು, ಆಕ್ಷೇಪಣೆ ಕರೆಯುವ ನೋಟಿಸ್ ಯಾರಿಗೆ ಮುಟ್ಟಬೇಕು, ಚಕ್ಕುಬಂದಿ ಜಾಗದ ಮೇಲೆ ತಾಳೆಯಾಗದಿದ್ದರೆ ಮೋಜಣಿಯಿಂದ (ಭೂಮಾಪನದವರಿಂದ) ನಕ್ಷೆ ಏಕೆ ಬೇಕು ಎನ್ನುವುದೆಲ್ಲ ತಾನಾಗಿಯೇ ಬಂತು. ಕೊನೆಗೆ ಎಲ್ಲರೂ ಒಪ್ಪಿದ ಮಾತೆಂದರೆ, ಪಂಚಾಯತಿಯ ತೆರಿಗೆ ರಿಜಿಸ್ಟರಿನಲ್ಲಿ ಹೆಸರು ಇದ್ದ ಮಾತ್ರಕ್ಕೆ ಮಾಲೀಕತ್ವ ಸಿಕ್ಕಂತಲ್ಲ. ಹಕ್ಕಿನ ವ್ಯಾಜ್ಯ ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯದ ಕೆಲಸ. ಆದರೆ ದಾಖಲೆಯನ್ನು ಸರಿಯಾಗಿ ಇಡುವುದು, ಎಲ್ಲ ವಾರಸುದಾರರಿಗೂ ತಿಳಿಸಿ ನಮೂದು ಬದಲಿಸುವುದು ನಮ್ಮ ಕೆಲಸ. ಇದನ್ನು ನಾನು ಪರದೆಯ ಮೇಲೆ ಹತ್ತು ಸಲ ತೋರಿಸಿದ್ದರೂ ಆ ಕೊಟ್ಟಿಗೆ, ಆ ಬೇವಿನ ಮರ ಇಲ್ಲದೆ ಅವರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

ನಿಮ್ಮ ತಾಲ್ಲೂಕಿನಲ್ಲಂತೂ ಈ ಪಾಠಕ್ಕೆ ಇನ್ನೂ ಹೆಚ್ಚಿನ ತೂಕವಿದೆ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯ ನೆರಳು ಕೃಷ್ಣೆಯ ಹಿನ್ನೀರಿನ ಊರುಗಳ ಮೇಲಿದೆ. ಮುಳುಗಡೆಯ ಪರಿಹಾರದ ಮಾತು ಬಂದಾಗ ಜನ ಮೊದಲು ಓಡಿ ಬರುವುದು ಉತಾರಕ್ಕಾಗಿ ನಿಮ್ಮ ಬಳಿಗೆ. ನಿನ್ನೆಯವರೆಗೆ ತಗಡಿನ ಶೆಡ್ ಆಗಿದ್ದದ್ದು ರಾತ್ರೋರಾತ್ರಿ ಆರ್‌ಸಿಸಿ ಮನೆಯಾಗಿ ನಮೂದಾಗಬೇಕು ಎನ್ನುವವರೂ ಬರುತ್ತಾರೆ. ಮೂವತ್ತು ವರ್ಷದಿಂದ ಇರುವ ಮನೆ ರಿಜಿಸ್ಟರಿನಲ್ಲಿ ಇಲ್ಲವಲ್ಲ ಎಂದು ಅಳುವವರೂ ಬರುತ್ತಾರೆ. ಇಬ್ಬರಿಗೂ ಒಂದೇ ಗಟ್ಟಿತನದಲ್ಲಿ ಉತ್ತರ ಕೊಡಬೇಕಾದರೆ ರಿಜಿಸ್ಟರಿನ ಒಂದೊಂದು ಕಾಲಮ್ಮೂ ಏನು ಹೇಳುತ್ತದೆಂದು ನಿಮಗೇ ಗೊತ್ತಿರಬೇಕು, ಆಪರೇಟರಿಗಲ್ಲ.

ಇನ್ನು ಯಾವ ತರಬೇತಿ, ಎಲ್ಲಿ ಎಂಬ ಪ್ರಶ್ನೆ. ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಸಂಸ್ಥೆಗಳ ಕೊರತೆ ನಮ್ಮ ರಾಜ್ಯದಲ್ಲಿ ಇಲ್ಲ. ಪಂಚಾಯತಿಯವರಿಗೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆ ಇದೆ. ಕೊಳವೆ ಬಾವಿಗಳ ಕಾರಣಕ್ಕೆ ‘ನೀರ್ ಸಾಬ್’ ಎಂದು ಹೆಸರಾದ ಮಂತ್ರಿಯ ನೆನಪಿನದು. ಪುರಸಭೆ, ನಗರಸಭೆಯವರಿಗೆ ಅದೇ ಮೈಸೂರಿನಲ್ಲಿ ರಾಜ್ಯ ನಗರಾಭಿವೃದ್ಧಿ ಸಂಸ್ಥೆ. ಆಡಳಿತ ತರಬೇತಿ ಸಂಸ್ಥೆಯೂ ಅಲ್ಲೇ, ಅದರ ಕೈಕೆಳಗೆ ಜಿಲ್ಲೆಗೊಂದು ಜಿಲ್ಲಾ ತರಬೇತಿ ಸಂಸ್ಥೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೆ ಮೈಸೂರೆಂದರೆ ರಾತ್ರಿಯಿಡೀ ಪ್ರಯಾಣ. ಬಸವ ಎಕ್ಸ್‌ಪ್ರೆಸ್‌ನಲ್ಲಿ ಕುಳಿತು ಸುತ್ತುಬಳಸಿ ಇಳಿಯುವ ಹೊತ್ತಿಗೆ ಅರ್ಧ ಉತ್ಸಾಹ ರೈಲಿನಲ್ಲೇ ಉಳಿದಿರುತ್ತದೆ. ಹಾಗೆಂದು ಮೈಸೂರನ್ನು ತಪ್ಪಿಸಬೇಡಿ. ಅಲ್ಲಿ ಬೇರೆ ಜಿಲ್ಲೆಯವರು ಸಿಗುತ್ತಾರೆ, ನಿಮ್ಮಲ್ಲಿ ‘ಆಗುವುದೇ ಇಲ್ಲ’ ಎಂದದ್ದನ್ನು ಅವರ ಪಂಚಾಯತಿ ಮಾಡಿ ಮುಗಿಸಿರುತ್ತದೆ.

ಜಿಲ್ಲಾ ತರಬೇತಿ ಸಂಸ್ಥೆಯಲ್ಲಿ ಕಚೇರಿ ಕಾರ್ಯವಿಧಾನ, ನಾಗರಿಕ ಸೇವಾ ನಿಯಮಗಳು, ಮಾಹಿತಿ ಹಕ್ಕು, ಸಕಾಲ (ನಿಗದಿತ ದಿನದೊಳಗೆ ಸೇವೆ ಕೊಡಬೇಕೆನ್ನುವ ಕಾಯ್ದೆ) ಇಂಥ ವಿಷಯಗಳ ತರಗತಿಗಳು ನಡೆಯುತ್ತವೆ. ‘ಇದೇನು ಗುಮಾಸ್ತರ ವಿಷಯ’ ಎಂದು ಅಲಕ್ಷ್ಯ ಮಾಡಬೇಡಿ. ಮಾಹಿತಿ ಹಕ್ಕಿನ ಕಾಯ್ದೆಯಲ್ಲಿ 30 ದಿನ ಮೀರಿದರೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೆ ದಂಡ ಬೀಳುವುದು ಗುಮಾಸ್ತರ ಜೇಬಿಗಲ್ಲ, ಮಾಹಿತಿ ಅಧಿಕಾರಿಯ ಜೇಬಿಗೆ. ಕೇಳಿದ ಮಾಹಿತಿ ನಿಮ್ಮಲ್ಲಿ ಇಲ್ಲದೆ ಬೇರೆ ಕಚೇರಿಯಲ್ಲಿದ್ದರೆ ಐದು ದಿನದೊಳಗೆ ಅಲ್ಲಿಗೆ ವರ್ಗಾಯಿಸಬೇಕು ಎನ್ನುವ ಒಂದು ಸಣ್ಣ ನಿಯಮ ಗೊತ್ತಿಲ್ಲದೆ ಪೇಚಿಗೆ ಸಿಕ್ಕವರು ಎಷ್ಟೋ ಜನ. ಇಲಾಖಾ ಪರೀಕ್ಷೆಗಳನ್ನೂ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯನ್ನೂ ಪರೀಕ್ಷಾರ್ಥ ಅವಧಿಯಲ್ಲೇ ಮುಗಿಸಿಕೊಳ್ಳಿ. ಅದಕ್ಕೆ ನನ್ನ ಉಪದೇಶ ಬೇಕಾಗಿಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಮಾತು. ನಿಮಗೆ ಬೇಕಾದ ಅತ್ಯುತ್ತಮ ಪಠ್ಯಪುಸ್ತಕ ಮೈಸೂರಿನಲ್ಲಿ ಇಲ್ಲ, ನಿಮ್ಮ ಕಚೇರಿಯ ಗಾಡ್ರೆಜ್ ಕಪಾಟಿನಲ್ಲಿದೆ. ಹಿಂದಿನ ಐದು ವರ್ಷಗಳ ಲೆಕ್ಕಪರಿಶೋಧನಾ ವರದಿಗಳನ್ನು ಹೊರಗೆ ತೆಗೆಯಿರಿ. ಧೂಳು ಕೊಡವಿ ಆಕ್ಷೇಪಣೆಯ ಕಂಡಿಕೆಗಳನ್ನು ಒಂದೊಂದಾಗಿ ಓದಿ. ನಿಮ್ಮದೇ ಪಂಚಾಯತಿ, ನಿಮ್ಮದೇ ಓಣಿ, ನಿಮ್ಮದೇ ಗುತ್ತಿಗೆದಾರರು. ಒಂದು ಕಾಮಗಾರಿಯನ್ನು ಮೂರು ತುಂಡು ಮಾಡಿ ಟೆಂಡರ್ ತಪ್ಪಿಸಿದ್ದು, 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಟ್ಟ ಶೇಕಡಾ 60ರ ಪಾಲಿನಿಂದ ಬೇರೆ ಕೆಲಸಕ್ಕೆ ಹಣ ತೆಗೆದದ್ದು, ಅಳತೆ ಪುಸ್ತಕದಲ್ಲಿ ಬರೆದ ಚರಂಡಿಯ ಉದ್ದಕ್ಕೂ ಓಣಿಯ ಉದ್ದಕ್ಕೂ ಹೊಂದಿಕೆಯಾಗದ್ದು, ವಸೂಲಾದ ತೆರಿಗೆ ಬ್ಯಾಂಕಿಗೆ ಹತ್ತು ದಿನ ತಡವಾಗಿ ಜಮೆಯಾದದ್ದು ಎಲ್ಲ ಅಲ್ಲಿರುತ್ತದೆ. ಪ್ರತಿ ಕಂಡಿಕೆಯ ಕೊನೆಗೆ ಯಾವ ನಿಯಮ ಮುರಿದಿದೆ ಎಂದು ಬರೆದಿರುತ್ತಾರೆ. ಆ ನಿಯಮವನ್ನಷ್ಟೇ ಹುಡುಕಿ ಓದಿ. ಪಂಚಾಯತಿಗಳ ಆಯವ್ಯಯ ಮತ್ತು ಲೆಕ್ಕಪತ್ರಗಳ 2006ರ ನಿಯಮಗಳನ್ನು ಮೊದಲ ಪುಟದಿಂದ ಓದಲು ಕುಳಿತರೆ ನಿದ್ದೆ ಬರುವುದು ಖಚಿತ, ನನಗೂ ಬರುತ್ತದೆ. ಕಂಡಿಕೆ ಹಿಡಿದು ಓದಿದರೆ ಬರುವುದಿಲ್ಲ. ಹೀಗೆ ಓದಿ ಆ ಆಕ್ಷೇಪಣೆಗಳಿಗೆ ಉತ್ತರ ಕೊಡುವ ಅನುಪಾಲನಾ ವರದಿಯ ಕರಡನ್ನು ನೀವೇ ಬರೆಯಿರಿ, ಹಿಂದಿನವರು ಉತ್ತರಿಸದೆ ಬಿಟ್ಟದ್ದಕ್ಕೂ ಬರೆಯಿರಿ. ಎರಡು ತಿಂಗಳಲ್ಲಿ ನಿಮಗೆ ಸಿಗುವ ತಿಳಿವಳಿಕೆಯನ್ನು ಹತ್ತು ತರಬೇತಿಗಳೂ ಕೊಡಲಾರವು. ಇದು ತರಬೇತುದಾರನಾದ ನಾನೇ ಹೇಳುವ ಮಾತು.

ಆಕ್ಷೇಪಣೆಯ ರುಚಿ ನನಗೂ ಗೊತ್ತಿದೆ. 1987ರಲ್ಲಿ ಮಂಡಲ ಪಂಚಾಯತಿಗಳು ಬಂದ ಹೊಸದರಲ್ಲಿ ನಾನು ಬೆಳಗಾವಿ ಜಿಲ್ಲೆಯ ಒಂದು ಊರಿನಲ್ಲಿ ಕಾರ್ಯದರ್ಶಿಯಾಗಿದ್ದೆ. ಸಭೆಯ ನಡವಳಿಯಲ್ಲಿ ‘ನೀರಿನ ಪೈಪ್ ಖರೀದಿಸುವ ಬಗ್ಗೆ ಚರ್ಚಿಸಿ ಅನುಮೋದಿಸಲಾಯಿತು’ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದೆ. ಎಷ್ಟು ಪೈಪ್, ಎಷ್ಟು ಅಳತೆಯದು, ಎಷ್ಟು ಹಣಕ್ಕೆ, ಯಾವ ನಿಧಿಯಿಂದ, ಸೂಚಿಸಿದವರು ಯಾರು, ಅನುಮೋದಿಸಿದವರು ಯಾರು ಎನ್ನುವುದು ಒಂದೂ ಇರಲಿಲ್ಲ. ಪೈಪ್ ಬಂತು, ನೀರೂ ಬಂತು, ಊರು ಸಂತೋಷವಾಗಿತ್ತು. ಎರಡು ವರ್ಷದ ನಂತರ ಲೆಕ್ಕ ಪರಿಶೋಧಕರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದರು. ಅನುಮೋದಿತ ಮೊತ್ತ ಎಲ್ಲಿದೆ? ಇಲ್ಲದ ಮೊತ್ತಕ್ಕೆ ಪಾವತಿ ಹೇಗಾಯಿತು? ನಾನು ಬೇರೆ ಊರಿಗೆ ವರ್ಗವಾದ ಮೇಲೂ ಆ ಕಂಡಿಕೆ ನನ್ನನ್ನು ಹುಡುಕಿಕೊಂಡು ಬರುತ್ತಿತ್ತು. ಒಂದು ಪೈಸೆ ತಿನ್ನದೆ ಕಳ್ಳನಂತೆ ವಿವರಣೆ ಬರೆಯಬೇಕಾಯಿತು. ಅಂದಿನಿಂದ ‘ಚರ್ಚಿಸಿ ಅನುಮೋದಿಸಲಾಯಿತು’ ಎಂಬ ಪದಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಡವಳಿ ಬರೆಯುವ ಅಭ್ಯಾಸವನ್ನು ಯಾವ ತರಬೇತಿಯಲ್ಲೂ ಸರಿಯಾಗಿ ಮಾಡಿಸುವುದಿಲ್ಲ. ಇದು ದೊಡ್ಡ ಲೋಪ. ಮುಂದಿನ ತಿಂಗಳು ಹೋದಾಗ ಸಂಪನ್ಮೂಲ ವ್ಯಕ್ತಿಯನ್ನು ಪೀಡಿಸಿಯಾದರೂ ನಿಮ್ಮ ಹಿಂದಿನ ಸಭೆಯ ನಡವಳಿಯನ್ನು ತಿದ್ದಿಸಿಕೊಳ್ಳಿ.

ನಿಮ್ಮ ಆಪರೇಟರ್ ವಿಷಯಕ್ಕೆ ಬರೋಣ. ಪಾಪ, ಅವರ ತಪ್ಪಿಲ್ಲ. ಪಂಚಾಯತಿಯ ತಂತ್ರಾಂಶಗಳಾದ ಪಂಚತಂತ್ರವಾಗಲಿ, ಇ-ಗ್ರಾಮ ಸ್ವರಾಜ್ ಆಗಲಿ, ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎನ್ನುವುದು ಅವರಿಗೆ ಗೊತ್ತು. ಏಕೆ ಒತ್ತಬೇಕು ಎನ್ನುವುದು ನಿಮಗೆ ಗೊತ್ತಿರಬೇಕು. ವಾರಕ್ಕೆ ಒಂದು ದಿನ, ಜನ ಕಡಿಮೆ ಇರುವ ಹೊತ್ತಿನಲ್ಲಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪಾವತಿಯನ್ನು ಬಿಲ್ಲಿನಿಂದ ಬ್ಯಾಂಕಿನವರೆಗೆ ನೀವೇ ಮಾಡಿ. ಮೊದಲ ಸಲ ಒಂದು ತಾಸು ಹಿಡಿಯುತ್ತದೆ, ಅವರು ಒಳಗೊಳಗೇ ನಗುತ್ತಾರೆ. ನಗಲಿ.

ಒಂದು ಮಾತ್ರ ಇವತ್ತೇ ಮಾಡಿ. ಡಿಜಿಟಲ್ ಸಹಿಯ ಡೊಂಗಲ್ (ಪೆನ್ ಡ್ರೈವ್‌ನಂಥ ಸಾಧನ) ಎಲ್ಲಿದೆ ನೋಡಿ. ನಾನು ಕಂಡ ಪಂಚಾಯತಿಗಳಲ್ಲಿ ಬಹುಪಾಲು ಕಡೆ ಅಧ್ಯಕ್ಷರದ್ದೂ ಅಭಿವೃದ್ಧಿ ಅಧಿಕಾರಿಯದ್ದೂ ಎರಡೂ ಒಂದೇ ಪೆನ್ಸಿಲ್ ಡಬ್ಬಿಯಲ್ಲಿ, ಆಪರೇಟರ್ ಮೇಜಿನ ಖಾನೆಯಲ್ಲಿ ಇರುತ್ತವೆ. ಪಾಸ್‌ವರ್ಡ್ ಬರೆದ ಚೀಟಿ ಡಬ್ಬಿಯ ಮುಚ್ಚಳದ ಒಳಗೆ ಅಂಟಿರುತ್ತದೆ. ಹಾಗಿದ್ದರೆ ಪಂಚಾಯತಿಯ ಖಜಾನೆಯ ಎರಡೂ ಬೀಗದ ಕೈ ಒಬ್ಬರ ಕೈಯಲ್ಲಿ ಇದ್ದಂತೆ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಆ ಸಹಿಗೆ ನಿಮ್ಮ ಕೈಸಹಿಯಷ್ಟೇ ಬೆಲೆ. ಅದನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವ ಹೊಣೆ ಸಹಿಯ ಒಡೆಯರದೇ. ನಾಳೆ ಏನಾದರೂ ಆದರೆ ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತನ್ನು ಯಾರೂ ಕೇಳುವುದಿಲ್ಲ.

ಅಧ್ಯಕ್ಷರ ಡೊಂಗಲ್ ಅವರ ಕೈಗೇ ಹೋಗಬೇಕು, ಅವರ ಯಜಮಾನರ ಕೈಗಲ್ಲ. ನಮ್ಮ ರಾಜ್ಯದಲ್ಲಿ ಪಂಚಾಯತಿಯ ಅರ್ಧ ಸ್ಥಾನಗಳು ಮಹಿಳೆಯರಿಗೆ ಮೀಸಲು. ಅವರಿಗೂ ತರಬೇತಿಗಳು ನಡೆಯುತ್ತವೆ. ಆದರೆ ಸಭಾಂಗಣದಲ್ಲಿ ಹೆಂಡತಿ ಕುಳಿತಿರುವಾಗ ಹೊರಗೆ ಬೈಕಿನ ಮೇಲೆ ಗಂಡ ಕಾಯುತ್ತಿರುತ್ತಾನೆ, ಮರುದಿನ ಪಂಚಾಯತಿಗೆ ಬರುವುದು ಗಂಡನೇ. ಇಲ್ಲಿ ಉಪನ್ಯಾಸ ಕೆಲಸ ಮಾಡುವುದಿಲ್ಲ, ನಿಮ್ಮ ನಡವಳಿಕೆ ಮಾಡುತ್ತದೆ. ಸಭೆಗೆ ಒಂದು ದಿನ ಮೊದಲು ಕಾರ್ಯಸೂಚಿಯನ್ನು ಅಧ್ಯಕ್ಷರ ಮುಂದೆ ಇಟ್ಟು, ಅವರಿಗೆ ಓದಲು ಬಾರದಿದ್ದರೆ ಓದಿ ಹೇಳಿ, ‘ಅಕ್ಕ, ಈ ವಿಷಯದಲ್ಲಿ ನೀವೇನು ಹೇಳುತ್ತೀರಿ?’ ಎಂದು ಕೇಳಿ. ಮೂರು ತಿಂಗಳು ಬಿಡದೆ ಕೇಳಿ. ಹುಕ್ಕೇರಿ ಕಡೆಯ ಒಬ್ಬ ಅಧ್ಯಕ್ಷೆ ಮೊದಲ ಎರಡು ಸಭೆಯಲ್ಲಿ ಸೆರಗು ಸರಿಪಡಿಸಿಕೊಳ್ಳುವುದು ಬಿಟ್ಟು ಬೇರೇನೂ ಮಾಡಲಿಲ್ಲ. ಐದನೆಯ ಸಭೆಯಲ್ಲಿ ಶಾಲೆಯ ಶೌಚಾಲಯಕ್ಕೆ ನೀರಿನ ಸಂಪರ್ಕ ಕೊಡದೆ ಬಿಲ್ಲು ತಂದ ಗುತ್ತಿಗೆದಾರನಿಗೆ ‘ಮೊದಲು ನಲ್ಲಿ ತಿರುಗಿಸಿ ತೋರಿಸು’ ಎಂದರು. ಅವನ ಬಿಲ್ಲು ಒಂದು ತಿಂಗಳು ನಿಂತಿತು.

ತರಬೇತಿಗೆ ಎಂದೂ ಹೆಸರು ಬಾರದ ಒಬ್ಬ ನೌಕರ ನಿಮ್ಮಲ್ಲಿದ್ದಾನೆ: ನೀರುಗಂಟಿ. ಊರಿನ ಆರೋಗ್ಯ ನಿಮಗಿಂತ ಹೆಚ್ಚಾಗಿ ಅವನ ಕೈಯಲ್ಲಿದೆ. ಬ್ಲೀಚಿಂಗ್ ಪುಡಿಯನ್ನು ಅವನು ಹೇಗೆ ಹಾಕುತ್ತಾನೆ ಎಂದು ಒಮ್ಮೆ ಟ್ಯಾಂಕಿನ ಬಳಿ ನಿಂತು ನೋಡಿ. ಹೆಚ್ಚಿನವರು ಹಿಡಿ ಲೆಕ್ಕದಲ್ಲಿ, ಒಣ ಪುಡಿಯನ್ನೇ ಸುರಿಯುತ್ತಾರೆ. ಲೆಕ್ಕ ಸುಲಭ. 50,000 ಲೀಟರಿನ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ ಒಟ್ಟು 100 ಗ್ರಾಂ. ಪುಡಿಯಲ್ಲಿ ಕ್ಲೋರಿನ್ ಇರುವುದು ಕಾಲು ಭಾಗವೆಂದು ಹಿಡಿದರೆ 400 ಗ್ರಾಂ ಪುಡಿ. ಅದನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳ ಸೇರಿದ ಮೇಲೆ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಬೇಕು. ಅರ್ಧ ತಾಸು ಬಿಟ್ಟು ನೀರು ಬಿಡಬೇಕು. ಚೀಲದ ಬಾಯಿ ತೆರೆದು ಮಳೆಗಾಲವಿಡೀ ಇಟ್ಟ ಪುಡಿಯಲ್ಲಿ ಕಾಲು ಭಾಗವೂ ಇರುವುದಿಲ್ಲ, ವಾಸನೆ ಮಾತ್ರ ಇರುತ್ತದೆ. ಕೊನೆಯ ಮನೆಯ ನಲ್ಲಿಯ ನೀರಿಗೆ ಪರೀಕ್ಷಾ ಕಿಟ್ಟಿನಲ್ಲಿ ಹೇಳಿದಷ್ಟು ಹನಿ ಹಾಕಿದಾಗ ಹಳದಿ ಬಣ್ಣ ಬರಬೇಕು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿದ್ದರೆ ಸರಿ. ಇದಿಷ್ಟನ್ನು ಅವನಿಗೆ ನೀವೇ ಟ್ಯಾಂಕಿನ ಕೆಳಗೆ ನಿಂತು ಹೇಳಿಕೊಡಿ, ಒಂದು ಅಳತೆಯ ಡಬ್ಬಿ ಕೊಡಿಸಿ. ಖರ್ಚು ನೂರು ರೂಪಾಯಿ ದಾಟುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿದಾಗ ನೀರು ಇಳಿದ ಊರುಗಳಲ್ಲಿ ಮೊದಲು ಬೇಕಾದದ್ದು ಈ 400 ಗ್ರಾಮಿನ ಲೆಕ್ಕ ಗೊತ್ತಿದ್ದವರೇ.

ಹೋಗಬೇಕೇ ಎಂದು ಕೇಳಿದಿರಿ. ಹೋಗುವ ಮೊದಲು ಬಾಕಿ ಅರ್ಜಿಗಳ ಪಟ್ಟಿ ಮಾಡಿ, ಸಕಾಲದ ಅವಧಿ ಆ ಮೂರು ದಿನದಲ್ಲಿ ಮುಗಿಯುವಂಥವನ್ನು ಹಿಂದಿನ ದಿನವೇ ವಿಲೇವಾರಿ ಮಾಡಿ. ಪ್ರಭಾರ ಯಾರಿಗೆ ಎಂದು ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಯಿಂದ ಲಿಖಿತ ಆದೇಶ ಪಡೆಯಿರಿ, ಫೋನಿನಲ್ಲಿ ‘ನೋಡಿಕೊಳ್ಳಿ’ ಎಂದರೆ ಸಾಲದು. ಡೊಂಗಲ್ ನಿಮ್ಮ ಜೊತೆಗೇ ಬರಲಿ. ತರಗತಿಯಲ್ಲಿ ಮೊದಲ ಸಾಲಿನಲ್ಲಿ ಕುಳಿತು, ಚಹಾ ವಿರಾಮದಲ್ಲಿ ಆ ಜೆರಾಕ್ಸ್ ಪ್ರತಿಯನ್ನು ಸಂಪನ್ಮೂಲ ವ್ಯಕ್ತಿಯ ಮುಂದೆ ಬಿಚ್ಚಿ. ಅವರು ‘ಇದು ಇವತ್ತಿನ ವಿಷಯವಲ್ಲ’ ಎಂದರೆ ಪಕ್ಕದಲ್ಲಿ ಕುಳಿತವರಿಗೆ ತೋರಿಸಿ. ಜಮಖಂಡಿಯವರೋ ಮುಧೋಳದವರೋ ಯಾರಾದರೂ ಒಬ್ಬರು ಅದೇ ತಲೆನೋವನ್ನು ಕಳೆದ ವರ್ಷ ದಾಟಿ ಬಂದಿರುತ್ತಾರೆ. ಅವರ ನಂಬರ್ ಬರೆದುಕೊಳ್ಳಿ.